ಹಂದಿ ಓಡಿಸಿದವನೋ, ಹೊಲ ಕಾದವನೋ? ಪಾಯಿಂಟ್ ಗಾರ್ಡ್‌ಗಳ ಕಾವಲನ್ನು ಅಳೆದ ಚರಿತ್ರೆ

ರಾತ್ರಿ ಜೋಳದ ಹೊಲ ಕಾಯುವ ಇಬ್ಬರನ್ನು ಊಹಿಸಿಕೊಳ್ಳಿ. ಬೆಳಗ್ಗೆ ಒಬ್ಬ ಬಂದು "ಮೂರು ಹಂದಿ ಓಡಿಸಿದೆ" ಅನ್ನುತ್ತಾನೆ. ಇನ್ನೊಬ್ಬ "ಏನೂ ಬರಲಿಲ್ಲ" ಅನ್ನುತ್ತಾನೆ. ಊರಲ್ಲಿ ಹೆಸರಾಗುವುದು ಮೊದಲನೆಯವನದು. ಆದರೆ ಎರಡನೆಯವನು ರಾತ್ರಿಯಿಡೀ ಬೆಂಕಿ ಹಾಕಿ, ಬದುವಿನ ಮೇಲೆ ಸುತ್ತಿ, ಡಬ್ಬ ಬಡಿದದ್ದಕ್ಕೇ ಹಂದಿ ಸುಳಿಯದೆ ಹೋಗಿರಬಹುದು. ಮೊದಲನೆಯವನು ನಿದ್ದೆ ಹೋದದ್ದಕ್ಕೇ ಮೂರು ಹಂದಿ ಒಳಗೆ ನುಗ್ಗಿರಲೂಬಹುದು. ಇಬ್ಬರಲ್ಲಿ ಒಳ್ಳೆಯ ಕಾವಲುಗಾರ ಯಾರು?

ಇದೇ ಪ್ರಶ್ನೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯನ್ನು 50 ವರ್ಷಕ್ಕೂ ಹೆಚ್ಚು ಕಾಲದಿಂದ ಕಾಡುತ್ತಿದೆ. ಅದರಲ್ಲೂ ಪಾಯಿಂಟ್ ಗಾರ್ಡ್ ಎಂಬ ಸ್ಥಾನದ ಆಟಗಾರರ ವಿಷಯದಲ್ಲಿ. ಇವನು ನಿಜಕ್ಕೂ ಒಳ್ಳೆಯ ರಕ್ಷಕನೋ, ಅಥವಾ ಅಂಕಿ-ಅಂಶದಲ್ಲಿ ಮಾತ್ರವೋ? ಈ ಬರಹದಲ್ಲಿ ನಾವು ಆ ಅಳತೆಯ ಚರಿತ್ರೆಯನ್ನು ಹೇಳುತ್ತೇವೆ. ಬಾಸ್ಕೆಟ್‌ಬಾಲ್ ನೋಡದವರಿಗೂ ಇದು ಅರ್ಥವಾಗುತ್ತದೆ. ಯಾಕೆಂದರೆ ಕಾಣುವ ಕೆಲಸಕ್ಕೂ ಕಾಣದ ಕೆಲಸಕ್ಕೂ ಇರುವ ಜಗಳ ಎಲ್ಲ ಊರಿನದ್ದೂ ಹೌದು.

ಪಾಯಿಂಟ್ ಗಾರ್ಡ್ ಅಂದರೆ ಯಾರು?

ತಂಡದಲ್ಲಿ ಐದು ಜನ. ಅವರಲ್ಲಿ ಚೆಂಡನ್ನು ಪುಟಿಸಿಕೊಂಡು ಮುಂದೆ ತರುವವನು, ಯಾರಿಗೆ ಯಾವಾಗ ಕೊಡಬೇಕೆಂದು ನಿರ್ಧರಿಸುವವನು ಪಾಯಿಂಟ್ ಗಾರ್ಡ್. ಸಾಮಾನ್ಯವಾಗಿ ತಂಡದಲ್ಲಿ ಇವನೇ ಗಿಡ್ಡ. ಗಿಡ್ಡ ಅಂದರೂ 6 ಅಡಿ ದಾಟಿದವನೇ, ಆದರೆ 7 ಅಡಿಯವರ ನಡುವೆ ನಿಂತಾಗ ಹುಡುಗನಂತೆ ಕಾಣುತ್ತಾನೆ.

ಎದುರಾಳಿ ಆಡುವಾಗ ಇವನ ಕೆಲಸ ಆ ತಂಡದ ಪಾಯಿಂಟ್ ಗಾರ್ಡ್‌ನನ್ನು ತಡೆಯುವುದು. ಇದು ಬಹಳ ಕಷ್ಟದ ಕೆಲಸ. ಮುಂದೆ ಚೆಂಡು ಹಿಡಿದವನು ಎಡಕ್ಕೋ ಬಲಕ್ಕೋ ಎಂದು ಗೊತ್ತಿರುವುದಿಲ್ಲ. ಅವನನ್ನು ಹಿಂಬಾಲಿಸುವಾಗ ಎದುರಾಳಿಯ ಒಬ್ಬ ದೈತ್ಯ ದಾರಿಯಲ್ಲಿ ಕಂಬದಂತೆ ನಿಲ್ಲುತ್ತಾನೆ. ಇದಕ್ಕೆ ಸ್ಕ್ರೀನ್ ಅನ್ನುತ್ತಾರೆ. ಆ ಕಂಬ ಸುತ್ತಿ, ನುಸುಳಿ, ಮತ್ತೆ ತನ್ನವನ ಮುಂದೆ ಬಂದು ನಿಲ್ಲಬೇಕು. ಪಂದ್ಯದಲ್ಲಿ ಇದು ಹತ್ತಾರು ಸಲ ನಡೆಯುತ್ತದೆ.

ಇನ್ನೊಂದು ಕೆಲಸ ಇದೆ. 1954ರಿಂದ ಎನ್‌ಬಿಎಯಲ್ಲಿ ಒಂದು ತಂಡ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು. ಒಳ್ಳೆಯ ಪಾಯಿಂಟ್ ಗಾರ್ಡ್ ಎದುರಾಳಿಯನ್ನು ಅವನ ಅಂಗಳದಿಂದಲೇ ಕಾಡುತ್ತಾ ಬಂದರೆ ಅದರಲ್ಲಿ ಆರೇಳು ಸೆಕೆಂಡು ಹಾಗೇ ಕರಗುತ್ತದೆ. ಉಳಿದ ಸಮಯದಲ್ಲಿ ಎದುರಾಳಿ ಅವಸರದಿಂದ ಎಸೆದು ತಪ್ಪುತ್ತಾನೆ. ತಪ್ಪಿದ್ದು ಸ್ಕೋರ್ ಪಟ್ಟಿಯಲ್ಲಿ ಎಸೆದವನ ಲೆಕ್ಕಕ್ಕೆ ಹೋಗುತ್ತದೆ. ಆರು ಸೆಕೆಂಡು ತಿಂದವನ ಹೆಸರು ಎಲ್ಲೂ ಬರುವುದಿಲ್ಲ.

ಲೆಕ್ಕವೇ ಇಲ್ಲದ ಕಾಲ

ಕೆ.ಸಿ. ಜೋನ್ಸ್ ಎಂಬ ಗಾರ್ಡ್ ಒಬ್ಬರಿದ್ದರು. ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ 1958ರಿಂದ 1967ರವರೆಗೆ ಆಡಿದರು. ಎಂಟು ಸಲ ಚಾಂಪಿಯನ್ ತಂಡದಲ್ಲಿದ್ದರು. ಆದರೆ ಅವರ ಸರಾಸರಿ ನೋಡಿದರೆ ಪಂದ್ಯಕ್ಕೆ 7.4 ಅಂಕ ಮಾತ್ರ. ಹಾಗಾದರೆ ಅವರನ್ನು ತಂಡ ಯಾಕೆ ಇಟ್ಟುಕೊಂಡಿತ್ತು? ಕಾವಲಿಗೆ. ಜೆರ್ರಿ ವೆಸ್ಟ್, ಆಸ್ಕರ್ ರಾಬರ್ಟ್‌ಸನ್ ಅವರಂಥ ಆ ಕಾಲದ ದೊಡ್ಡ ಗಾರ್ಡ್‌ಗಳನ್ನು ತಡೆಯುವ ಕೆಲಸ ಅವರ ಪಾಲಿಗೆ ಬರುತ್ತಿತ್ತು.

ಆ ಕಾವಲಿಗೆ ಒಂದೇ ಒಂದು ಅಧಿಕೃತ ಅಂಕಿ ಇಲ್ಲ. ಎದುರಾಳಿಯಿಂದ ಚೆಂಡು ಕಸಿದರೆ ಅದನ್ನು ಸ್ಟೀಲ್ ಅನ್ನುತ್ತಾರೆ. ಎಸೆದ ಚೆಂಡನ್ನು ಗಾಳಿಯಲ್ಲೇ ತಡೆದರೆ ಬ್ಲಾಕ್. ಎನ್‌ಬಿಎ ಇವೆರಡನ್ನೂ ಎಣಿಸಲು ಶುರು ಮಾಡಿದ್ದು 1973-74ರ ಋತುವಿನಲ್ಲಿ. ವರ್ಷದ ಅತ್ಯುತ್ತಮ ರಕ್ಷಕರ ತಂಡವನ್ನು ಆರಿಸಲು ಶುರು ಮಾಡಿದ್ದು 1968-69ರಲ್ಲಿ. ಜೋನ್ಸ್ ನಿವೃತ್ತರಾಗಿದ್ದು 1967ರಲ್ಲಿ. ಅಂಕಿಯೂ ಇಲ್ಲ, ಬಿರುದೂ ಇಲ್ಲ. ಉಳಿದದ್ದು ನೋಡಿದವರ ಮಾತು ಮತ್ತು ಗೆದ್ದ ಎಂಟು ಚಾಂಪಿಯನ್‌ಷಿಪ್.

ಕೆ.ಸಿ. ಜೋನ್ಸ್ ಹೆಸರು ನೆನಪಿಡಿ. ಮುಂದೆ ಇನ್ನೊಂದು ಕಡೆ ಮತ್ತೆ ಬರುತ್ತದೆ.

ಅವರ ನಂತರ ಬಂದ ನ್ಯೂಯಾರ್ಕ್‌ನ ವಾಲ್ಟ್ ಫ್ರೇಜಿಯರ್ ಅದೃಷ್ಟವಂತರು. 1969ರಿಂದ 1975ರವರೆಗೆ ಸತತ ಏಳು ವರ್ಷ ರಕ್ಷಕರ ಮೊದಲ ತಂಡದಲ್ಲಿ ಜಾಗ ಪಡೆದರು. ಆದರೆ 1970ರ ಫೈನಲ್‌ನ ಏಳನೇ ಪಂದ್ಯದಲ್ಲಿ ಅವರು 36 ಅಂಕ, 19 ಅಸಿಸ್ಟ್ ಗಳಿಸಿದ್ದು ದಾಖಲೆಯಲ್ಲಿದೆ. ಅಂದು ಎಷ್ಟು ಸಲ ಚೆಂಡು ಕಸಿದರು ಎಂಬ ಅಧಿಕೃತ ದಾಖಲೆ ಇಲ್ಲ. ಪುಸ್ತಕದಲ್ಲಿ ಆ ಕಾಲಮ್ಮೇ ಇರಲಿಲ್ಲ.

ಎಣಿಕೆ ಬಂತು, ಜೊತೆಗೆ ಒಂದು ಭ್ರಮೆಯೂ ಬಂತು

ಸ್ಟೀಲ್ ಎಣಿಸಲು ಶುರು ಮಾಡಿದ ಮೇಲೆ ಎಲ್ಲರಿಗೂ ಒಂದು ಅಳತೆಗೋಲು ಸಿಕ್ಕಿತು. ಯಾರು ಹೆಚ್ಚು ಕಸಿಯುತ್ತಾರೋ ಅವರೇ ಒಳ್ಳೆಯ ರಕ್ಷಕ. ಸರಳ ಲೆಕ್ಕ. ಆದರೆ ಈ ಲೆಕ್ಕದಲ್ಲಿ ಎರಡು ತೂತು ಇವೆ.

ಮೊದಲನೆಯದು ಪ್ರಮಾಣದ್ದು. ಒಂದು ಪಂದ್ಯದಲ್ಲಿ ಪ್ರತಿ ತಂಡಕ್ಕೆ ಸುಮಾರು 100 ಸಲ ಚೆಂಡು ಸಿಗುತ್ತದೆ. ಲೀಗ್‌ಗೇ ಮೊದಲಿಗನಾದ ಕಳ್ಳನೂ ಪಂದ್ಯಕ್ಕೆ ಎರಡೋ ಮೂರೋ ಸಲ ಕಸಿಯುತ್ತಾನೆ. ಉಳಿದ ತೊಂಬತ್ತೇಳು ಸಲ ಅವನು ಏನು ಮಾಡುತ್ತಿದ್ದ? ಸ್ಟೀಲ್ ಅಂಕಿ ಅದನ್ನು ಹೇಳುವುದೇ ಇಲ್ಲ. ಕಸಿಯಲು ಕೈ ಚಾಚಿ ಮುಂದೆ ಹಾರಿದವನಿಗೆ ಚೆಂಡು ಸಿಗದಿದ್ದರೆ ಅವನ ಹಿಂದೆ ದಾರಿ ಖಾಲಿ. ಎದುರಾಳಿ ಐವರು, ತಡೆಯುವವರು ನಾಲ್ವರು. ಹಾಗೆ ತಪ್ಪಿದ ಜೂಜನ್ನು ಯಾರೂ ಎಣಿಸಲಿಲ್ಲ.

ಎರಡನೆಯದು ಎಣಿಸುವವನದ್ದು. ಸ್ಕೋರ್ ಬರೆಯುವವರು ಆತಿಥೇಯ ತಂಡದ ಊರಿನವರು. ಚೆಂಡಿಗೆ ಬೆರಳು ತಾಗಿತೋ ಇಲ್ಲವೋ, ಕಸಿದದ್ದು ಇವನೋ ಅವನೋ ಎಂಬುದು ಅವರ ಕಣ್ಣಿನ ತೀರ್ಪು. ಮೈಕಲ್ ಜೋರ್ಡನ್ 1987-88ರಲ್ಲಿ 259 ಸ್ಟೀಲ್ ಮಾಡಿ ವರ್ಷದ ಅತ್ಯುತ್ತಮ ರಕ್ಷಕ ಪ್ರಶಸ್ತಿ ಪಡೆದರು. ಅದರಲ್ಲಿ 165 ತವರಿನಲ್ಲಿ, 94 ಹೊರಗೆ. ಎರಡೂ ಕಡೆ ಆಡಿದ್ದು 41-41 ಪಂದ್ಯ. ಜೋರ್ಡನ್ ದೊಡ್ಡ ರಕ್ಷಕ ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ತವರಿನ ಪೆನ್ನು ಸ್ವಲ್ಪ ಧಾರಾಳವಾಗಿತ್ತು ಎಂದು ಈ ಅಂಕಿ ಹೇಳುತ್ತದೆ. ತಾಲ್ಲೂಕು ಟೂರ್ನಮೆಂಟಿನಲ್ಲಿ ಆತಿಥೇಯ ಊರಿನ ಸ್ಕೋರರ್ ಕೂತದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಸಿದವರು ಒಬ್ಬರು, ಕಾದವರು ಇನ್ನೊಬ್ಬರು

ಮೂರು ದೊಡ್ಡ ಹೆಸರು ತೆಗೆದುಕೊಳ್ಳೋಣ.

ಮ್ಯಾಜಿಕ್ ಜಾನ್ಸನ್ 1981 ಮತ್ತು 1982ರಲ್ಲಿ ಸ್ಟೀಲ್ ಸರಾಸರಿಯಲ್ಲಿ ಲೀಗ್‌ಗೇ ಮೊದಲಿಗರು. ಅಲೆನ್ ಐವರ್ಸನ್ 2001, 2002, 2003ರಲ್ಲಿ ಸತತ ಮೂರು ಸಲ ಮೊದಲಿಗರು. ಸ್ಟೀಫನ್ ಕರಿ 2015-16ರಲ್ಲಿ ಮೊದಲಿಗರು. ಈ ಮೂವರಲ್ಲಿ ಯಾರೊಬ್ಬರೂ ವರ್ಷದ ರಕ್ಷಕರ ತಂಡಕ್ಕೆ ಒಂದು ಸಲವೂ ಆಯ್ಕೆಯಾಗಲಿಲ್ಲ.

ಇದು ಅನ್ಯಾಯವೇ? ಅವರ ಪಕ್ಕದಲ್ಲಿ ಯಾರಿದ್ದರು ಎಂದು ನೋಡಿದರೆ ಉತ್ತರ ಸಿಗುತ್ತದೆ. ಮ್ಯಾಜಿಕ್ ಪಕ್ಕದಲ್ಲಿ ಮೈಕಲ್ ಕೂಪರ್ ಇದ್ದರು. ಎದುರಾಳಿಯ ಅತ್ಯಂತ ಅಪಾಯಕಾರಿ ಆಟಗಾರನನ್ನು ಕೂಪರ್‌ಗೆ ಕೊಡುತ್ತಿದ್ದರು. 1987ರಲ್ಲಿ ಅತ್ಯುತ್ತಮ ರಕ್ಷಕ ಪ್ರಶಸ್ತಿ ಪಡೆದದ್ದೂ ಕೂಪರ್. ಐವರ್ಸನ್ ಪಕ್ಕದಲ್ಲಿ ಎರಿಕ್ ಸ್ನೋ ಇದ್ದರು. ಎದುರಾಳಿಯ ದೊಡ್ಡ ಗಾರ್ಡ್‌ನನ್ನು ಸ್ನೋ ಹಿಡಿದರೆ, ಐವರ್ಸನ್ ಚಿಕ್ಕವನನ್ನು ಹಿಡಿದು ಪಾಸಿನ ದಾರಿಯಲ್ಲಿ ಹೊಂಚು ಹಾಕುತ್ತಿದ್ದರು. 2001ರ ಫೆಬ್ರವರಿಯಿಂದ ಹಿಂದೆ ಬುಟ್ಟಿಯ ಕೆಳಗೆ ಡಿಕೆಂಬೆ ಮುಟೊಂಬೊ ನಿಂತಿದ್ದರು. ಆ ವರ್ಷದ ಅತ್ಯುತ್ತಮ ರಕ್ಷಕ ಅವರೇ. ಕರಿ ಪಕ್ಕದಲ್ಲಿ ಕ್ಲೇ ಥಾಂಪ್ಸನ್, ಹಿಂದೆ ಡ್ರೇಮಂಡ್ ಗ್ರೀನ್. ಎದುರಾಳಿಯ ಪಾಯಿಂಟ್ ಗಾರ್ಡ್ ಬಲಿಷ್ಠನಾದರೆ ಅವನನ್ನು ಹಲವು ಸಲ ಥಾಂಪ್ಸನ್ ಹಿಡಿಯುತ್ತಿದ್ದರು.

ಅಂದರೆ ಮೂರೂ ಕಡೆ ಕಥೆ ಒಂದೇ. ಕಠಿಣ ಕೆಲಸ ಬೇರೆಯವರ ಪಾಲಿಗೆ ಹೋದಾಗ, ಕೈ ಬಿಡುವಾದವನಿಗೆ ಕಸಿಯಲು ಅವಕಾಶ ಹೆಚ್ಚು. ಇದು ತಪ್ಪೇನಲ್ಲ. ತಂಡಕ್ಕೆ ಲಾಭವೇ ಆಯಿತು. ಐವರ್ಸನ್ ತಂಡ 2001ರಲ್ಲಿ ಫೈನಲ್ ತಲುಪಿತು. ಕರಿ ತಂಡ ಆ ಋತುವಿನಲ್ಲಿ 82ರಲ್ಲಿ 73 ಪಂದ್ಯ ಗೆದ್ದಿತು. ಆದರೆ ಆ ಸ್ಟೀಲ್ ಅಂಕಿಯನ್ನು ತೋರಿಸಿ "ಇವರೇ ದೊಡ್ಡ ಕಾವಲುಗಾರ" ಅಂದರೆ ಸ್ನೋಗೆ, ಕೂಪರ್‌ಗೆ ಮೋಸವಾಗುತ್ತದೆ.

ಹಾಗಂತ ಸ್ಟೀಲ್ ಲೆಕ್ಕ ಬರೀ ಸುಳ್ಳೂ ಅಲ್ಲ. ಕ್ರಿಸ್ ಪಾಲ್ 6 ಅಡಿಯವರು. ಆರು ಋತುಗಳಲ್ಲಿ ಸ್ಟೀಲ್‌ನಲ್ಲಿ ಮೊದಲಿಗರು, ಏಳು ಸಲ ರಕ್ಷಕರ ಮೊದಲ ತಂಡದಲ್ಲಿ. ಅಲ್ಲಿ ಎರಡೂ ಸಾಕ್ಷಿ ಒಂದೇ ಮಾತು ಹೇಳುತ್ತವೆ. ಜಾನ್ ಸ್ಟಾಕ್ಟನ್ 3,265 ಸ್ಟೀಲ್‌ಗಳೊಂದಿಗೆ ಇಂದಿಗೂ ಎನ್‌ಬಿಎ ಪಟ್ಟಿಯ ತುದಿಯಲ್ಲಿದ್ದಾರೆ. ಆದರೂ ರಕ್ಷಕರ ಎರಡನೇ ತಂಡಕ್ಕೆ ಐದು ಸಲ ಬಂದರೇ ಹೊರತು ಮೊದಲ ತಂಡಕ್ಕೆ ಬರಲೇ ಇಲ್ಲ. ಅವರ ಹಿಂದೆ ಹಲವು ವರ್ಷ 7 ಅಡಿ 4 ಅಂಗುಲದ ಮಾರ್ಕ್ ಈಟನ್ ನಿಂತಿದ್ದರು. ಹಿಂದೆ ಅಂಥ ಗೋಡೆ ಇದ್ದರೆ ಮುಂದೆ ಧೈರ್ಯವಾಗಿ ಕೈ ಹಾಕಬಹುದು.

1984: ಎಲ್ಲರೂ ನೆನಪಿಟ್ಟ ಸ್ಟೀಲ್, ಕೆಲವರು ಮಾತ್ರ ಕಂಡ ಕಾವಲು

ಈ ಚರಿತ್ರೆಯಲ್ಲಿ ನಮಗೆ ಅತಿ ಹೆಚ್ಚು ಪಾಠ ಹೇಳುವ ಕಥೆ 1984ರ ಫೈನಲ್. ಬಾಸ್ಟನ್ ಸೆಲ್ಟಿಕ್ಸ್ ಒಂದು ಕಡೆ, ಲಾಸ್ ಏಂಜಲಿಸ್ ಲೇಕರ್ಸ್ ಇನ್ನೊಂದು ಕಡೆ. ಬಾಸ್ಟನ್ ಕೋಚ್ ಯಾರು ಗೊತ್ತೇ? ಅದೇ ಕೆ.ಸಿ. ಜೋನ್ಸ್.

ಮೊದಲ ಪಂದ್ಯ ಲೇಕರ್ಸ್ ಗೆದ್ದಿತು. ಎರಡನೆಯದರಲ್ಲೂ ಗೆಲುವು ಅವರ ಕೈಯಲ್ಲೇ ಇತ್ತು. ಕೊನೆಯ ಸೆಕೆಂಡುಗಳಲ್ಲಿ ಬಾಸ್ಟನ್ನಿನ ಗಾರ್ಡ್ ಜೆರಾಲ್ಡ್ ಹೆಂಡರ್ಸನ್, ಜೇಮ್ಸ್ ವರ್ದಿ ಕೊಟ್ಟ ಪಾಸನ್ನು ಕಸಿದು ಓಡಿ ಬುಟ್ಟಿಗೆ ಹಾಕಿ ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ ಬಾಸ್ಟನ್ 124-121ರಿಂದ ಗೆದ್ದಿತು. ಆ ಒಂದು ಸ್ಟೀಲ್ ಎನ್‌ಬಿಎ ಚರಿತ್ರೆಯ ಪ್ರಸಿದ್ಧ ಕ್ಷಣಗಳಲ್ಲಿ ಒಂದು. ಇಂದಿಗೂ ವಿಡಿಯೊದಲ್ಲಿ ಸಿಗುತ್ತದೆ.

ಆದರೆ ಮುಂದಿನ ಪಂದ್ಯ ನೋಡಿ. ಮ್ಯಾಜಿಕ್ ಜಾನ್ಸನ್ 21 ಅಸಿಸ್ಟ್ ಕೊಟ್ಟರು, ಅಂದರೆ 21 ಬುಟ್ಟಿಗೆ ದಾರಿ ಮಾಡಿಕೊಟ್ಟರು. ಲೇಕರ್ಸ್ 137-104ರಿಂದ ಗೆದ್ದಿತು. ಮ್ಯಾಜಿಕ್ 6 ಅಡಿ 9 ಅಂಗುಲದ ಪಾಯಿಂಟ್ ಗಾರ್ಡ್. ಅವರನ್ನು ಆವರೆಗೆ ಮುಖ್ಯವಾಗಿ ಹಿಡಿಯುತ್ತಿದ್ದವರು ಹೆಂಡರ್ಸನ್.

ನಾಲ್ಕನೇ ಪಂದ್ಯಕ್ಕೆ ಜೋನ್ಸ್ ಕೆಲಸ ಬದಲಿಸಿದರು. ಮ್ಯಾಜಿಕ್‌ನನ್ನು ಡೆನಿಸ್ ಜಾನ್ಸನ್‌ಗೆ ಕೊಟ್ಟರು. ಅಂಕಿಯೇ ಇಲ್ಲದ ಕಾಲದ ಕಾವಲುಗಾರ, ಕೋಚ್ ಆಗಿ ಇನ್ನೊಬ್ಬ ಕಾವಲುಗಾರನನ್ನು ಗುರುತಿಸಿದ ಗಳಿಗೆ ಅದು.

ಡೆನಿಸ್ ಜಾನ್ಸನ್ ಕಥೆ ಸ್ವಲ್ಪ ಹೇಳಬೇಕು. 16 ಮಕ್ಕಳ ಮನೆ. ತಂದೆ ಇಟ್ಟಿಗೆ ಕಟ್ಟುವ ಗಾರೆ ಕೆಲಸದವರು. ಹೈಸ್ಕೂಲು ಮುಗಿದ ಮೇಲೆ ಡೆನಿಸ್ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ಅಲ್ಲಿಂದ ಒಂದು ಸಣ್ಣ ಕಾಲೇಜು, ಆಮೇಲೆ ವಿಶ್ವವಿದ್ಯಾಲಯ, 1976ರಲ್ಲಿ ಸಿಯಾಟಲ್ ತಂಡ. 1978ರ ಫೈನಲ್‌ನ ಏಳನೇ ಪಂದ್ಯದಲ್ಲಿ 14 ಸಲ ಎಸೆದು ಒಂದೂ ಹಾಕಲಿಲ್ಲ. ಮರುವರ್ಷ ಅದೇ ಫೈನಲ್‌ನಲ್ಲಿ ತಂಡವನ್ನು ಗೆಲ್ಲಿಸಿ ಸರಣಿಯ ಶ್ರೇಷ್ಠ ಆಟಗಾರರಾದರು. ಎತ್ತರ 6 ಅಡಿ 4 ಅಂಗುಲ. ಸ್ಟೀಲ್‌ನಲ್ಲಿ ಒಂದು ವರ್ಷವೂ ಮೊದಲಿಗರಾಗಲಿಲ್ಲ. ಆದರೂ ರಕ್ಷಕರ ತಂಡಗಳಿಗೆ ಒಂಬತ್ತು ಸಲ ಆಯ್ಕೆಯಾದರು. ಆಗ ಮತ ಹಾಕುತ್ತಿದ್ದವರು ಕೋಚ್‌ಗಳು, ಅದೂ ತಮ್ಮ ತಂಡದವರಿಗೆ ಹಾಕುವಂತಿರಲಿಲ್ಲ. ಅಂದರೆ ಇವರ ಕೈಯಲ್ಲಿ ಪೆಟ್ಟು ತಿಂದವರೇ ಮತ ಹಾಕಿದರು.

ನಾಲ್ಕನೇ ಪಂದ್ಯದಿಂದ ಏನಾಯಿತು? ಮ್ಯಾಜಿಕ್ ಅಸಿಸ್ಟ್‌ಗಳೇನೂ ನಿಂತುಹೋಗಲಿಲ್ಲ. ಆದರೆ ಪಂದ್ಯ ಬಿಗಿಯಾದ ಗಳಿಗೆಗಳಲ್ಲಿ ಕೈ ತಪ್ಪತೊಡಗಿತು. ನಾಲ್ಕನೇ ಪಂದ್ಯದ ಕೊನೆಯಲ್ಲಿ ಅವರ ಪಾಸು ಎದುರಾಳಿಯ ಪಾಲಾಯಿತು, ಹೆಚ್ಚುವರಿ ಸಮಯದಲ್ಲಿ ಎರಡು ಫ್ರೀ ಥ್ರೋ ತಪ್ಪಿತು. ಬಾಸ್ಟನ್ 129-125ರಿಂದ ಗೆದ್ದಿತು. ಏಳನೇ ಪಂದ್ಯದ ಅಂತಿಮ ಗಳಿಗೆಯಲ್ಲೂ ಮ್ಯಾಜಿಕ್ ಕೈಯಿಂದ ಚೆಂಡು ಜಾರಿತು. ಬಾಸ್ಟನ್ 111-102ರಿಂದ ಗೆದ್ದು ಚಾಂಪಿಯನ್ ಆಯಿತು. ಆ ಕೊನೆಯ ನಾಲ್ಕು ಪಂದ್ಯಗಳಲ್ಲೂ ಡೆನಿಸ್ ಜಾನ್ಸನ್ 20 ಅಥವಾ ಅದಕ್ಕಿಂತ ಹೆಚ್ಚು ಅಂಕವನ್ನೂ ಹಾಕಿದರು.

ಎಲ್ಲ ಶ್ರೇಯಸ್ಸು ಒಬ್ಬರಿಗೇ ಕೊಡಬಾರದು. ಐದನೇ ಪಂದ್ಯದ ದಿನ ಬಾಸ್ಟನ್ನಿನ ಏಸಿ ಇಲ್ಲದ ಅಂಗಣದಲ್ಲಿ ಸುಮಾರು 36 ಡಿಗ್ರಿ ಸೆಲ್ಸಿಯಸ್ ಸೆಖೆ ಇತ್ತು, ಲೇಕರ್ಸ್ ಆಟಗಾರರು ಬಳಲಿದ್ದರು. ಲ್ಯಾರಿ ಬರ್ಡ್ ಸರಣಿ ಶ್ರೇಷ್ಠರಾಗುವ ಹಾಗೆ ಆಡಿದರು. ಆದರೆ ಒಂದು ಮಾತು ಖಚಿತ. ಹೆಂಡರ್ಸನ್ ಮಾಡಿದ ಸ್ಟೀಲ್ ಒಂದು ಪಂದ್ಯ ಉಳಿಸಿತು. ಅದೇ ಸರಣಿಯಲ್ಲಿ ದಿನದಿನದ ಕಾವಲು ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಬಂದಾಗ ಕೋಚ್ ಬೇರೆ ಹೆಸರು ಹೇಳಿದರು. ಇವೆರಡೂ ನಿಜ, ಒಂದಕ್ಕೊಂದು ವಿರೋಧವಲ್ಲ.

ಗ್ಲೌವ್ ಮತ್ತು ಜೋರ್ಡನ್

ಗ್ಯಾರಿ ಪೇಟನ್‌ಗೆ 'ದಿ ಗ್ಲೌವ್' ಎಂದು ಅಡ್ಡಹೆಸರು. ಕೈಗವಸು ಕೈಗೆ ಅಂಟಿದ ಹಾಗೆ ಎದುರಾಳಿಗೆ ಅಂಟಿಕೊಳ್ಳುವವರು ಎಂದು. ಸತತ ಒಂಬತ್ತು ವರ್ಷ, 1994ರಿಂದ 2002ರವರೆಗೆ, ರಕ್ಷಕರ ಮೊದಲ ತಂಡದಲ್ಲಿದ್ದರು. 1996ರಲ್ಲಿ ವರ್ಷದ ಅತ್ಯುತ್ತಮ ರಕ್ಷಕ ಪ್ರಶಸ್ತಿ ಪಡೆದ ಮೊದಲ ಪಾಯಿಂಟ್ ಗಾರ್ಡ್ ಆದರು.

ಅದೇ ವರ್ಷ ಫೈನಲ್‌ನಲ್ಲಿ ಅವರ ಸಿಯಾಟಲ್ ತಂಡಕ್ಕೆ ಎದುರಾಗಿದ್ದು ಜೋರ್ಡನ್ನರ ಶಿಕಾಗೊ. ಪೇಟನ್ ಮೀನಖಂಡಕ್ಕೆ ಪೆಟ್ಟಾಗಿತ್ತು. ಕೋಚ್ ಜಾರ್ಜ್ ಕಾರ್ಲ್ ಮೊದಲ ಮೂರು ಪಂದ್ಯಗಳಲ್ಲಿ ಜೋರ್ಡನ್ ಕಾವಲನ್ನು ಹೆಚ್ಚಾಗಿ ಬೇರೆಯವರಿಗೆ ಕೊಟ್ಟರು. ಜೋರ್ಡನ್ 28, 29, 36 ಅಂಕ ಹಾಕಿದರು. ಶಿಕಾಗೊ ಮೂರೂ ಗೆದ್ದಿತು. ನಾಲ್ಕನೆಯದರಿಂದ ಪೇಟನ್ ಆ ಕೆಲಸ ಹೆಗಲಿಗೆ ಹಾಕಿಕೊಂಡರು. ಜೋರ್ಡನ್ 23, 26, 22. ಸರಾಸರಿ 31ರಿಂದ ಸುಮಾರು 24ಕ್ಕೆ ಇಳಿಯಿತು. ಸಿಯಾಟಲ್ ಎರಡು ಪಂದ್ಯ ಗೆದ್ದಿತು, ಆರನೆಯದರಲ್ಲಿ ಸೋತಿತು.

ಪೇಟನ್ ಪಕ್ಷದವರಿಗೆ ಇದು ಬಲವಾದ ಸಾಕ್ಷಿ. ಆದರೆ 2020ರ 'ದಿ ಲಾಸ್ಟ್ ಡ್ಯಾನ್ಸ್' ಸಾಕ್ಷ್ಯಚಿತ್ರದಲ್ಲಿ ಪೇಟನ್ ಮಾತಿನ ವಿಡಿಯೊ ತೋರಿಸಿದಾಗ ಜೋರ್ಡನ್ ನಕ್ಕುಬಿಟ್ಟರು. ಯಾರ ಮಾತು ನಂಬೋಣ?

ನಮ್ಮ ಪ್ರಕಾರ ಇಬ್ಬರನ್ನೂ ಪೂರ್ತಿ ನಂಬಬೇಕಿಲ್ಲ. ಮೂರು ಪಂದ್ಯ ಬಹಳ ಚಿಕ್ಕ ಮಾದರಿ. ಮೂರು ದಿನದ ಮಳೆ ನೋಡಿ ವರ್ಷದ ಮಳೆ ಹೇಳಲಾಗದು. ಜೊತೆಗೆ ನಾಲ್ಕನೇ ಪಂದ್ಯಕ್ಕೆ ಸಿಯಾಟಲ್‌ಗೆ ಬೆನ್ನುನೋವಿನಿಂದ ಹೊರಗಿದ್ದ ನೇಟ್ ಮೆಕ್‌ಮಿಲನ್ ವಾಪಸ್ ಬಂದಿದ್ದರು. ಅವರೂ ಗಟ್ಟಿ ರಕ್ಷಕರೇ. ಬದಲಾದದ್ದು ಪೇಟನ್ ಜಾಗ ಒಂದೇ ಅಲ್ಲ. ಆದರೂ ಒಂದು ಮಾತು ನಿಲ್ಲುತ್ತದೆ: ಜಗತ್ತಿನ ಅತಿ ಕಷ್ಟದ ಕಾವಲನ್ನು, ಪೆಟ್ಟಾದ ಕಾಲಿನಲ್ಲಿ, ಒಬ್ಬ ಪಾಯಿಂಟ್ ಗಾರ್ಡ್ ವಹಿಸಿಕೊಂಡ. ಅವನ ಸುತ್ತಲಿನವರಿಗೆ ಆ ನಂಬಿಕೆ ಇತ್ತು.

ನಿಯಮ ಬದಲಾದರೆ ಅಳತೆಯೂ ಬದಲು

ಪೇಟನ್, ಡೆನಿಸ್ ಜಾನ್ಸನ್ ಕಾಲದಲ್ಲಿ ರಕ್ಷಕ ತನ್ನ ಕೈಯನ್ನು ಎದುರಾಳಿಯ ಸೊಂಟದ ಮೇಲಿಟ್ಟು ಅವನ ದಿಕ್ಕು ತಿರುಗಿಸಬಹುದಿತ್ತು. ಎತ್ತಿನ ಮೂಗುದಾರ ಹಿಡಿದ ಹಾಗೆ. ಇದಕ್ಕೆ ಹ್ಯಾಂಡ್ ಚೆಕ್ ಅನ್ನುತ್ತಾರೆ. 1994-95ರಲ್ಲಿ ಇದನ್ನು ಬಿಗಿ ಮಾಡಿದರು. 2004-05ರಲ್ಲಿ ಇನ್ನೂ ಬಿಗಿ ಮಾಡಿದರು. ಕೈ ತಾಗಿದರೆ ಫೌಲ್.

ಆ ಮೇಲೆ ಪಾಯಿಂಟ್ ಗಾರ್ಡ್ ಆಡುವುದು ಸುಲಭವಾಯಿತು, ಅವನನ್ನು ತಡೆಯುವುದು ಕಷ್ಟವಾಯಿತು. 2005 ಮತ್ತು 2006ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಎರಡೂ ಸಲ ಪಾಯಿಂಟ್ ಗಾರ್ಡ್ ಸ್ಟೀವ್ ನ್ಯಾಶ್‌ಗೆ ಹೋಯಿತು.

ಆದ್ದರಿಂದ ಹಳೆಯ ರಕ್ಷಕನನ್ನೂ ಹೊಸಬನನ್ನೂ ಪಕ್ಕಪಕ್ಕ ನಿಲ್ಲಿಸಿ ಅಂಕಿ ತೂಗಿದರೆ ತಕ್ಕಡಿಯೇ ಬೇರೆ ಬೇರೆ. ಮೂಗುದಾರ ಹಿಡಿದು ಎತ್ತು ತಿರುಗಿಸುವುದೂ, ಬರಿಗೈಯಲ್ಲಿ ಎದುರು ನಿಂತು ತಿರುಗಿಸುವುದೂ ಒಂದೇ ಅಲ್ಲ.

ಕಂಪ್ಯೂಟರ್ ಬಂತು, ಕ್ಯಾಮೆರಾ ಬಂತು

ಇಸವಿ 2000ದ ಹೊತ್ತಿಗೆ ಹೊಸ ಅಳತೆ ಬಂತು, ಪ್ಲಸ್-ಮೈನಸ್. ಇದು ಐಸ್ ಹಾಕಿಯಿಂದ ಬಂದದ್ದು. ಲೆಕ್ಕ ಸರಳ. ಇವನು ಅಂಗಣದಲ್ಲಿದ್ದಾಗ ತಂಡ ಎಷ್ಟು ಮುಂದೆ ಹೋಯಿತು, ಹೊರಗೆ ಕೂತಾಗ ಎಷ್ಟು ಹಿಂದೆ ಬಿತ್ತು? ನಮ್ಮ ಹೊಲದ ಉದಾಹರಣೆಗೆ ಇದು ಹತ್ತಿರ. ಹಂದಿ ಎಣಿಸಬೇಡ, ಬೆಳೆ ಎಷ್ಟು ಉಳಿಯಿತು ನೋಡು ಅನ್ನುವ ಕ್ರಮ.

ಆದರೆ ಅಂಗಣದಲ್ಲಿ ಒಬ್ಬನೇ ಇರುವುದಿಲ್ಲ. ಐದು ಜನ ಸೇರಿ ಕಾದ ಹೊಲದಲ್ಲಿ ಯಾರ ಪಾಲು ಎಷ್ಟು? ಮುಟೊಂಬೊ ಹಿಂದಿದ್ದರೆ ಮುಂದಿನ ಯಾರ ಅಂಕಿಯೂ ಚೆನ್ನಾಗಿಯೇ ಕಾಣುತ್ತದೆ. ಇದನ್ನು ಬಿಡಿಸಲು ಪ್ರೊಫೆಸರ್ ವೇಯ್ನ್ ವಿನ್‌ಸ್ಟನ್ ಮತ್ತು ಜೆಫ್ ಸಾಗರಿನ್ ಡಲ್ಲಾಸ್ ತಂಡಕ್ಕಾಗಿ ಗಣಿತದ ದಾರಿ ಮಾಡಿದರು. ಜೊತೆಗಾರರು ಯಾರು, ಎದುರಾಳಿಗಳು ಯಾರು ಎಂಬುದನ್ನು ಲೆಕ್ಕದಲ್ಲಿ ಕಳೆದು ಒಬ್ಬನ ಪಾಲು ತೆಗೆಯುವ ದಾರಿ ಅದು. ಅದಕ್ಕೂ ಮಿತಿ ಇತ್ತು. ಎದುರಾಳಿ ದೂರದಿಂದ ಎಸೆದದ್ದು ಬಿದ್ದರೆ ರಕ್ಷಕ ಕೆಟ್ಟವ, ಬೀಳದಿದ್ದರೆ ಒಳ್ಳೆಯವ. ಅದರಲ್ಲಿ ಎಷ್ಟೋ ಪಾಲು ಅದೃಷ್ಟ.

2013-14ರಿಂದ ಎಲ್ಲ ಅಂಗಣಗಳ ಚಾವಣಿಯಲ್ಲಿ ಆರಾರು ಕ್ಯಾಮೆರಾ ಬಂದವು. ಸೆಕೆಂಡಿಗೆ 25 ಸಲ ಪ್ರತಿ ಆಟಗಾರ ಎಲ್ಲಿದ್ದಾನೆ ಎಂದು ಬರೆದಿಟ್ಟವು. ಎಷ್ಟು ಓಡಿದ, ಎಸೆಯುವವನಿಗೆ ಎಷ್ಟು ಹತ್ತಿರ ಇದ್ದ, ಎಲ್ಲ ಗೊತ್ತಾಯಿತು. 2016ರ ನಂತರ ಕಸಿಯದೆ ಬರೀ ಬೆರಳು ತಾಗಿಸಿ ಪಾಸು ಕೆಡಿಸಿದ್ದನ್ನೂ ಎಣಿಸತೊಡಗಿದರು. ಕೆ.ಸಿ. ಜೋನ್ಸ್ ಕಾಲದಲ್ಲಿ ಗಾಳಿಗೆ ಹೋದ ಕೆಲಸ ಈಗ ಕಡತಕ್ಕೆ ಬಂತು.

ಆದರೂ ಕ್ಯಾಮೆರಾಕ್ಕೆ ಮನಸ್ಸು ಕಾಣದು. ಹತ್ತಿರ ನಿಂತವನೇ ಹೊಣೆಗಾರನೋ, ಬೇರೆಯವನ ತಪ್ಪು ಮುಚ್ಚಲು ಓಡಿ ಬಂದವನೋ ಎಂದು ಅದು ಹೇಳಲಾರದು. ಮತ್ತೊಂದು ವಿಷಯ: ಎದುರಾಳಿ ಪಾಸು ಕೊಡಲೇ ಇಲ್ಲ ಅಂದರೆ ಅದು ಘಟನೆಯೇ ಅಲ್ಲ. ನಡೆಯದ್ದನ್ನು ಎಣಿಸುವ ಯಂತ್ರ ಇನ್ನೂ ಬಂದಿಲ್ಲ.

26 ವರ್ಷದ ಅಂತರ

ಪೇಟನ್ ನಂತರ ಒಬ್ಬ ಗಾರ್ಡ್‌ಗೆ ಅತ್ಯುತ್ತಮ ರಕ್ಷಕ ಪ್ರಶಸ್ತಿ ಬರಲು 26 ವರ್ಷ ಬೇಕಾಯಿತು. 2022ರಲ್ಲಿ ಬಾಸ್ಟನ್ನಿನ ಮಾರ್ಕಸ್ ಸ್ಮಾರ್ಟ್‌ಗೆ ಬಂತು. ಪ್ರಶಸ್ತಿ ಕೈಗಿಟ್ಟವರು ಪೇಟನ್ ಅವರೇ.

ಇಷ್ಟು ಅಂತರ ಯಾಕೆ? ಬುಟ್ಟಿಯ ಕೆಳಗಿನ ಎತ್ತರದವನು ಐವರ ತಪ್ಪನ್ನೂ ಮುಚ್ಚಬಲ್ಲ. ಪಾಯಿಂಟ್ ಗಾರ್ಡ್ ಹೆಚ್ಚೆಂದರೆ ಒಬ್ಬನನ್ನು ತಡೆಯಬಲ್ಲ ಎಂಬುದು ಸಾಮಾನ್ಯ ನಂಬಿಕೆ. ಅದರಲ್ಲಿ ಬಹಳಷ್ಟು ನಿಜವೂ ಇದೆ. ಸ್ಮಾರ್ಟ್ ವಿಶೇಷ ಏನೆಂದರೆ ಸ್ಕ್ರೀನ್ ಬಂದಾಗ ಸುತ್ತಿ ಹೋಗುವ ಬದಲು ಆ ದೈತ್ಯನನ್ನೇ ಹಿಡಿದು ನಿಲ್ಲುತ್ತಿದ್ದರು. ಹಾಗಾಗಿ ಬಾಸ್ಟನ್ ಎಲ್ಲರನ್ನೂ ಅದಲುಬದಲು ಮಾಡಿ ಕಾಯಬಹುದಿತ್ತು. ಆ ಋತುವಿನಲ್ಲಿ ಲೀಗ್‌ನ ಅತ್ಯುತ್ತಮ ರಕ್ಷಣೆ ಬಾಸ್ಟನ್ನಿನದು. ಆಗಲೂ ತಕರಾರು ಎದ್ದಿತು. ಹಿಂದೆ ನಿಂತ ರಾಬರ್ಟ್ ವಿಲಿಯಮ್ಸ್ ಇಲ್ಲದಿದ್ದರೆ ಸ್ಮಾರ್ಟ್ ಎಲ್ಲಿರುತ್ತಿದ್ದರು ಎಂದು. ಹಳೆಯ ಪ್ರಶ್ನೆ, ಹೊಸ ಹೆಸರು.

ಕೆಲವೊಮ್ಮೆ ಮಾತ್ರ ಕಸಿದದ್ದೂ ಕಾದದ್ದೂ ಒಂದೇ ಕೈಯಲ್ಲಿ ಕಾಣುತ್ತದೆ. 2021ರ ಫೈನಲ್‌ನಲ್ಲಿ ಮಿಲ್ವಾಕಿಯ ಜ್ರೂ ಹಾಲಿಡೆ ಎದುರಾಳಿ ಕ್ರಿಸ್ ಪಾಲ್‌ನನ್ನು ಅಂಗಣದ ಉದ್ದಕ್ಕೂ ಕಾಡಿದರು. ನಾಲ್ಕನೇ ಪಂದ್ಯದಲ್ಲಿ ಪಾಲ್‌ಗೆ 10 ಅಂಕ, ಕಳೆದುಕೊಂಡ ಚೆಂಡು 5. ಐದನೇ ಪಂದ್ಯದ ಕೊನೆಯಲ್ಲಿ ಒಂದೇ ಅಂಕದ ಮುನ್ನಡೆ ಇದ್ದಾಗ ಹಾಲಿಡೆ ಡೆವಿನ್ ಬುಕರ್ ಕೈಯಿಂದ ಚೆಂಡು ಕಿತ್ತು ಪಂದ್ಯ ಗೆಲ್ಲಿಸಿದರು. ಹಾಲಿಡೆ ಕೂಡ ಸ್ಟೀಲ್ ಪಟ್ಟಿಯ ಮೊದಲಿಗರಾದವರಲ್ಲ.

ಹಾಗಾದರೆ ತೂಗುವುದು ಹೇಗೆ?

ಇಷ್ಟು ಚರಿತ್ರೆಯಿಂದ ನಾವು ನಾಲ್ಕು ಪ್ರಶ್ನೆ ಎತ್ತಿಕೊಳ್ಳುತ್ತೇವೆ.

ಒಂದು, ಕಷ್ಟದ ಎದುರಾಳಿಯನ್ನು ಯಾರಿಗೆ ಕೊಟ್ಟರು? ಕೋಚ್ ಬಾಯಿಯಲ್ಲಿ ಹೇಳುವುದಕ್ಕಿಂತ ಕೆಲಸ ಹಂಚುವುದರಲ್ಲಿ ನಿಜ ಹೇಳುತ್ತಾನೆ.

ಎರಡು, ಹಿಂದೆ ಯಾರಿದ್ದರು? ಗೋಡೆ ಇದ್ದಾಗ ತೋರಿದ ಧೈರ್ಯವನ್ನು ಗೋಡೆ ಇಲ್ಲದಾಗಲೂ ತೋರಿದನೇ?

ಮೂರು, ಎದುರಾಳಿ ಏನನ್ನು ಮಾಡದೆ ಬಿಟ್ಟ? ಅವನು ತನ್ನ ಮೆಚ್ಚಿನ ಜಾಗಕ್ಕೆ ಹೋಗಲಾಗದೆ ಬೇರೆಡೆ ತಿರುಗಿದನೇ?

ನಾಲ್ಕು, ಎಷ್ಟು ಕಾಲ? ಒಂದು ವಿಡಿಯೊ, ಮೂರು ಪಂದ್ಯ ಸಾಲದು. ಹಲವು ವರ್ಷ, ಹಲವು ಜೊತೆಗಾರರು ಬದಲಾದರೂ ಕಾವಲು ನಿಂತಿತೇ?

ಡೆನಿಸ್ ಜಾನ್ಸನ್ ಈ ನಾಲ್ಕರಲ್ಲೂ ಪಾಸಾಗುತ್ತಾರೆ. ಸಿಯಾಟಲ್, ಫೀನಿಕ್ಸ್, ಬಾಸ್ಟನ್ ಮೂರೂ ತಂಡಗಳಲ್ಲಿದ್ದಾಗ ರಕ್ಷಕರ ತಂಡಕ್ಕೆ ಬಂದವರು ಅವರು. 14 ಋತು ಆಡಿ, ಮೂರು ಚಾಂಪಿಯನ್‌ಷಿಪ್ ಗೆದ್ದು 1990ರಲ್ಲಿ ನಿವೃತ್ತರಾದರು. ಬಾಸ್ಕೆಟ್‌ಬಾಲ್‌ನ ಅತಿ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2010ರಲ್ಲಿ. ಅವರು 2007ರ ಫೆಬ್ರವರಿಯಲ್ಲೇ, 52ನೇ ವಯಸ್ಸಿನಲ್ಲಿ, ತೀರಿಕೊಂಡಿದ್ದರು. ಗೌರವ ಬಂತು, ಪಡೆಯಲು ಅವರಿರಲಿಲ್ಲ.

ಅಳತೆ ತಪ್ಪಿದರೆ ಆಗುವ ನಷ್ಟ ಇದು. ಎಣಿಸಲು ಸುಲಭವಾದದ್ದಕ್ಕೆ ಹಾರ ಬೇಗ ಬೀಳುತ್ತದೆ. ಎಣಿಕೆಗೆ ಸಿಗದ ಕೆಲಸ ಮಾಡಿದವನು ಕಾಯುತ್ತಾ ಕೂರುತ್ತಾನೆ, ಕೆಲವೊಮ್ಮೆ ಕಾಯುತ್ತಲೇ ಹೋಗಿಬಿಡುತ್ತಾನೆ.

ಮುಂದಿನ ಸಲ ಊರ ಹಬ್ಬದ ಕಬಡ್ಡಿ ನೋಡಲು ಹೋದಾಗ ಒಂದು ಕೆಲಸ ಮಾಡಿ. ರೈಡರ್ ತಂದ ಅಂಕ ಮೈಕಿನಲ್ಲಿ ಕೂಗುತ್ತಾರೆ, ಅದನ್ನು ಬಿಡಿ. ಯಾವ ಕಾರ್ನರ್ ಕಡೆಗೆ ಎದುರಾಳಿ ರೈಡರ್ ಹೋಗಲು ಹೆದರುತ್ತಾನೆ ಎಂದು ಹತ್ತು ರೈಡ್ ನೋಡಿ. ಆ ಹುಡುಗ ಒಂದೂ ಟ್ಯಾಕಲ್ ಮಾಡದೆ ಇರಬಹುದು. ಪಂದ್ಯ ಮುಗಿದ ಮೇಲೆ ಹೋಗಿ ಅವನ ಹೆಸರು ಕೇಳಿ.